ಮನೆಯ ಬೂತಿನ ಹನ್ನೆರಡು ಓಟು

ಫಲಿತಾಂಶ ಬಂದ ಒಂಬತ್ತನೆಯ ದಿನ ಗುಮಾಸ್ತರು ಚುನಾವಣಾ ಕಚೇರಿಯಿಂದ ಬೂತುವಾರು ಮತಗಳ ಪಟ್ಟಿ ತಂದು ಸಾಹೇಬರ ಮನೆಯ ಕಚೇರಿಯ ಮೇಜಿನ ಮೇಲೆ ಹರಡಿದರು. ಇನ್ನೂರ ಹದಿನಾಲ್ಕು ಬೂತು, ಹದಿನೇಳು ಹಾಳೆ. ಸೋತ ಮನೆಯಲ್ಲಿ ಇಂಥ ಹಾಳೆಗಳನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಗುಮಾಸ್ತರಿಗೆ ಅದೊಂದು ಚಟ. ಇಪ್ಪತ್ತೇಳು ವರ್ಷಗಳಿಂದ ಸಾಹೇಬರ ಪ್ರತಿಯೊಂದು ಚುನಾವಣೆಯನ್ನೂ ಅವರು ಬೂತು ಬೂತಾಗಿ ಒಂದು ಉದ್ದನೆಯ ರಿಜಿಸ್ಟರಿಗೆ ಇಳಿಸಿಟ್ಟಿದ್ದರು.

ಸಾಹೇಬರು ವಿಧಾನಸಭೆಗೆ ಮೊದಲು ನಿಂತದ್ದು ಪಕ್ಷೇತರರಾಗಿ. ಆಗ ಎರಡು ಸಾವಿರ ಚಿಲ್ಲರೆ ಓಟಿನಿಂದ ಸೋತರು. ಸೋತರೂ ಊರು ಅವರ ಮುಖ ಗುರುತು ಹಿಡಿಯಿತು. ಮುಂದಿನ ಸಲ ‘ಕಿಟಕಿ’ ಗುರುತಿನ ಪಕ್ಷ ಕರೆದು ಟಿಕೆಟ್ ಕೊಟ್ಟಿತು. ಮುನ್ನೂರ ಹದಿನೆಂಟು ಓಟಿನಿಂದ ಗೆದ್ದರು. ಆಮೇಲೆ ಆರು ಸಾವಿರ, ಹನ್ನೊಂದು ಸಾವಿರ, ನಾಲ್ಕು ಸಾವಿರದ ಒಂಬೈನೂರು. ಹೀಗೆ ನಾಲ್ಕು ಗೆಲುವು ಸಾಲಾಗಿ, ನಡುವೆ ಹನ್ನೊಂದು ತಿಂಗಳ ಮಂತ್ರಿಗಿರಿ. ನಾಲ್ಕನೆಯ ಅವಧಿಯ ಅರ್ಧದಲ್ಲಿ ಅವರು ಇನ್ನೂ ಕೆಲವರ ಜೊತೆ ಸೇರಿ ಕಿಟಕಿ ಬಿಟ್ಟು ‘ಬುಟ್ಟಿ’ ಪಕ್ಷಕ್ಕೆ ಹೋದರು. ಈ ಸಲ ಬುಟ್ಟಿ ಹಿಡಿದು ನಿಂತು, ಕಿಟಕಿಯ ಹೊಸ ಅಭ್ಯರ್ಥಿಯ ಎದುರು ಆರುನೂರ ನಲವತ್ತು ಓಟಿನಿಂದ ಸೋತರು.

ನೂರಾ ಐದನೆಯ ಬೂತಿನ ಸಾಲಿಗೆ ಬಂದಾಗ ಗುಮಾಸ್ತರ ಪೆನ್ನು ನಿಂತಿತು.

ಅದು ಮನೆಯ ಬೂತು. ಹಿಂದೆಲ್ಲ ಅದರಲ್ಲಿ ಸಾವಿರದ ಮೇಲೆ ಮತದಾರರಿದ್ದರು. ಪಟ್ಟಿ ಉದ್ದವಾಯಿತೆಂದು ಈ ಸಲ ಅದನ್ನು ಒಡೆದು, ಸಾಹೇಬರ ಬೀದಿಗೂ ಅದರ ಹಿಂದಿನ ಎರಡು ಓಣಿಗಳಿಗೂ ಸೇರಿಸಿ ಹೊಸದೊಂದು ಸಣ್ಣ ಬೂತು ಮಾಡಿದ್ದರು. ಬಿದ್ದ ಮತ ನೂರಾ ಹದಿನೆಂಟು. ಅದರಲ್ಲಿ ಸಾಹೇಬರಿಗೆ ಹತ್ತೊಂಬತ್ತು.

ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತೊಂಬತ್ತೇ. ಮತದಾನದ ದಿನ ಬೂತಿನೊಳಗೆ ಕೂತಿದ್ದ ಏಜೆಂಟರ ಪಟ್ಟಿ ತೆಗೆದು, ಗುರುತು ಹಾಕಿದ ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. ಸಾಹೇಬರ ಮನೆಯಲ್ಲಿ ಏಳು. ಪಕ್ಕದ ಮನೆಯ ತಮ್ಮನ ಸಂಸಾರ ನಾಲ್ಕು. ಎದುರು ಮನೆಯ ದೊಡ್ಡಪ್ಪನ ಮಗನ ಕಡೆ ಆರು. ಹಿಂದಿನ ಸಾಲುಮನೆಗಳಲ್ಲಿ ಗುಮಾಸ್ತರೂ ಅವರ ಹೆಂಡತಿಯೂ ಎರಡು, ಡ್ರೈವರನ ಮನೆ ಮೂರು, ಅಡಿಗೆಯವಳು ಮತ್ತು ಗಂಡ ಎರಡು, ತೋಟದವನ ಮನೆ ಮೂರು. ಮೂಲೆಯ ಇಸ್ತ್ರಿ ಅಂಗಡಿಯವನ ಮನೆ ನಾಲ್ಕು. ಅವನಿಗೆ ಆ ಜಾಗ ಕೊಡಿಸಿದ್ದೇ ಸಾಹೇಬರು. ಒಟ್ಟು ಮೂವತ್ತೊಂದು. ಒಬ್ಬರೂ ತಪ್ಪಿಸದೆ ಬಂದು ಓಟು ಹಾಕಿದ್ದರು.

ಹೊರಗಿನ ಒಬ್ಬನೂ ಹಾಕಿಲ್ಲವೆಂದೇ ಇಟ್ಟುಕೊಂಡರೂ ಹನ್ನೆರಡು ಓಟು ಮನೆಯೊಳಗೇ ಕೈಕೊಟ್ಟಿದ್ದವು.

ಹಾಳೆಯನ್ನು ಮಡಚಿ ಫೈಲಿನ ಅಡಿಗೆ ತುರುಕಬೇಕು ಎಂದು ಗುಮಾಸ್ತರಿಗೆ ಅನಿಸಿತು. ಅಷ್ಟರಲ್ಲಿ ಸಾಹೇಬರು ಟವೆಲಿನಲ್ಲಿ ಕಿವಿ ಒರೆಸಿಕೊಳ್ಳುತ್ತ ಒಳಗೆ ಬಂದರು. ರಾಜಕೀಯಕ್ಕೆ ಬರುವ ಮುಂಚೆ ಅವರು ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು. ಅಂಕಿ ಕಂಡರೆ ಬಗ್ಗಿ ನೋಡದೆ ಬಿಡುವವರಲ್ಲ.

“ನಮ್ಮ ಬೂತು ಎಷ್ಟು?”

“ಅದೇ… ಸ್ವಲ್ಪ ಕಮ್ಮಿ ಸಾರ್.”

“ಸ್ವಲ್ಪ ಅಂದ್ರೆ ಎಷ್ಟ್ರೀ? ಅಂಕಿ ಹೇಳಿ.”

ಗುಮಾಸ್ತರು ಹೇಳಿದರು. ಸಾಹೇಬರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ತಾವೂ ಒಂದು ಸಲ ಬೆರಳಿಟ್ಟು ಎಣಿಸಿದರು. ಆಮೇಲೆ ಎದ್ದು ಹೋಗಿ ಕಚೇರಿಯ ಬಾಗಿಲು ಹಾಕಿದರು. ಇಪ್ಪತ್ತೇಳು ವರ್ಷಗಳಲ್ಲಿ ಆ ಬಾಗಿಲು ಹಾಕಿದ್ದನ್ನು ಗುಮಾಸ್ತರು ಅವತ್ತೇ ಮೊದಲು ನೋಡಿದ್ದು. ಅದರ ಹಿಂದೆ ಹಳೆಯ ಪೋಸ್ಟರುಗಳ ಸುರುಳಿಗಳು ಧೂಳು ಹಿಡಿದು ನಿಂತಿದ್ದವು.

“ಹನ್ನೆರಡು ಓಟಿಂದ ನಾವು ಸೋತಿಲ್ಲ ಸಾರ್” ಎಂದರು ಗುಮಾಸ್ತರು.

“ಸೋಲಿನ ಮಾತು ಯಾರಾಡಿದ್ರು? ನನ್ನ ಮನೆ ಊಟ ಉಂಡು, ನನ್ನ ಕಾರಲ್ಲೇ ಬೂತಿಗೆ ಹೋಗಿ ಇಳಿದು, ನನ್ನ ಮುಖ ನೋಡಿ ನಕ್ಕು, ಒಳಗೆ ಹೋಗಿ ಇನ್ನೊಬ್ಬನಿಗೆ ಒತ್ತಿ ಬಂದೋರು ಯಾರು? ಅದು ನಂಗೆ ಗೊತ್ತಾಗ್ಬೇಕು.”

ಅವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ಸಾಹೇಬರು ಯಾರನ್ನೂ ನೇರವಾಗಿ ಕೇಳಲಿಲ್ಲ. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದವರ ಕಣ್ಣನ್ನು ದಿಟ್ಟಿಸುತ್ತಿದ್ದರು. ಕಿರಿಯ ಸೊಸೆ ಫೋನಿನಲ್ಲಿ ನಕ್ಕರೆ “ಯಾರಮ್ಮಾ ಅದು?” ಎಂದು ಕೇಳುವರು. ತೋಟದವನು ಎರಡು ದಿನ ರಜ ಕೇಳಿದರೆ “ಎಲ್ಲಿಗೆ? ಯಾರ ಮನೆಗೆ?” ಎನ್ನುವರು. ಇಸ್ತ್ರಿಯವನು ಬಟ್ಟೆ ಕೊಡಲು ಬಂದು ಬಾಗಿಲಲ್ಲಿ ಒಂದು ಕ್ಷಣ ಹೆಚ್ಚು ನಿಂತ. ಬೇಹುಗಾರಿಕೆಗೆ ಬಂದಿರಬೇಕೆಂದು ಅವನನ್ನು ಗೇಟಿನಾಚೆಯೇ ನಿಲ್ಲಿಸಲು ಅಪ್ಪಣೆಯಾಯಿತು. ಹನ್ನೆರಡರ ಸುದ್ದಿ ಯಾರ ಬಾಯಿಂದ ಹೊರಬಿತ್ತೋ, ಎರಡೇ ದಿನದಲ್ಲಿ ಅದು ಮೂವತ್ತು ಜನರಿಗೂ ಗೊತ್ತಾಗಿ, ಅವರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದರು. ಅಡಿಗೆಯವಳು ತೋಟದವನ ಹೆಂಡತಿಗೆ ಮಾತು ಬಿಟ್ಟಳು. ಹಿರಿಯ ಸೊಸೆ ಕಿರಿಯವಳ ಮೇಲೆ ಗುಮಾನಿಯ ಮಾತು ಎತ್ತಿ, ಸಾಹೇಬರ ಗಂಡುಮಕ್ಕಳಿಬ್ಬರು ಒಂದೇ ಮೇಜಿನಲ್ಲಿ ಕೂತು ಉಣ್ಣುವುದನ್ನು ನಿಲ್ಲಿಸಿದರು.

ಗುಮಾಸ್ತರ ಮನೆಗೂ ಅದು ಬಂತು. ಒಂದು ಮಧ್ಯಾಹ್ನ ಅವರು ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೆಂಡತಿಯನ್ನು ಕೇಳಿದರು.

“ನೀನು ಬುಟ್ಟಿಗೇ ತಾನೆ ಹಾಕಿದ್ದು?”

ಆಕೆ ಸೌಟು ಹಿಡಿದುಕೊಂಡೇ ನಿಂತಳು. “ಮೂವತ್ತು ವರ್ಷ ಆಯ್ತು ಮದುವೆಯಾಗಿ. ಊಟ ಮಾಡಿದ್ಯಾ ಅಂತ ಒಂದು ದಿನ ಕೇಳಿಲ್ಲ. ಇವತ್ತು ಓಟಿನ ವಿಷಯ ಕೇಳ್ತಿದೀರಿ.”

“ಹಾಗಲ್ಲ ಕಣೇ. ಸಾಹೇಬ್ರು ನನ್ನ ಮುಖಾನೂ ಹಾಗೇ ನೋಡ್ತಿದಾರೆ.”

“ನೋಡ್ಲಿ. ನಾ ಹೇಳಲ್ಲ. ಹಾಕಿದ್ರೂ ಹೇಳಲ್ಲ, ಹಾಕದಿದ್ರೂ ಹೇಳಲ್ಲ. ಅಲ್ಲಿ ಪರದೆ ಕಟ್ಟಿರೋದು ಯಾತಕ್ಕೆ ಮತ್ತೆ?”

ಅವಳು ಹಾಕಿಲ್ಲವೆಂದು ಗುಮಾಸ್ತರಿಗೆ ಆ ಕ್ಷಣ ಖಂಡಿತವೆನಿಸಿತು. ಕೈ ತೊಳೆದು ಬರುವಷ್ಟರಲ್ಲಿ ಹಾಕಿರಲೇಬೇಕು ಅನಿಸಿತು.

ಮಾರನೆಯ ದಿನ ಸಾಹೇಬರು ಕಚೇರಿಯಲ್ಲಿ ಗುಮಾಸ್ತರನ್ನೂ ತಮ್ಮನನ್ನೂ ಕೂರಿಸಿಕೊಂಡರು. ಈ ತಮ್ಮ ಸಿಮೆಂಟಿನ ಏಜೆನ್ಸಿ ನಡೆಸುತ್ತಿದ್ದ ಮನುಷ್ಯ. ಅಣ್ಣನ ನೆರಳಿನಲ್ಲೇ ದೊಡ್ಡವನಾದವನು, ಅದನ್ನು ಆಗಾಗ ತಾನೇ ಹೇಳಿಕೊಳ್ಳುತ್ತಿದ್ದವನು.

“ಚುನಾವಣೆ ಮುಂಚೆ ಯಾರಾದ್ರೂ ಆ ಕಡೆಯವರ ಜೊತೆ ಓಡಾಡಿದ್ದು ನೋಡಿದ್ರಾ?” ಸಾಹೇಬರು ಕೇಳಿದರು. “ಸಣ್ಣದಾದ್ರೂ ಪರವಾಗಿಲ್ಲ, ಹೇಳಿ.”

ಗುಮಾಸ್ತರು ಸುಮ್ಮನಿರಬಹುದಿತ್ತು. ಆದರೆ ಸಾಹೇಬರ ದೃಷ್ಟಿ ತಮ್ಮ ಮೇಲೆ ಒಂದು ಗಳಿಗೆ ಹೆಚ್ಚಾಗಿ ನಿಂತಂತೆ ಅವರಿಗೆ ಕಂಡಿತು. ಆ ದೃಷ್ಟಿ ಅತ್ತ ಸರಿದರೆ ಸಾಕೆಂದು ಬಾಯಿ ತೆರೆದರು. “ಮತದಾನಕ್ಕೆ ಮೂರು ದಿನ ಮುಂಚೆ… ನಮ್ಮ ಹಾರನ್ ಕಿಟಕಿಯವರ ಏಜೆಂಟನ ಜೊತೆ ಟೀ ಅಂಗಡಿ ಮುಂದೆ ನಿಂತು ಮಾತಾಡ್ತಿದ್ದ ಸಾರ್. ನಾನು ಬಸ್ಸಿಂದ ನೋಡಿದೆ.”

ಹಾರನ್ ಎಂದರೆ ಡ್ರೈವರು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಅವನು ಹಾರನ್ ಒತ್ತಿದ್ದನ್ನು ಯಾರೂ ಕೇಳಿರಲಿಲ್ಲ. ದಾರಿಗೆ ಅಡ್ಡ ನಿಂತವರು ತಾವಾಗಿ ಸರಿಯುವವರೆಗೆ ಕಾಯುತ್ತಿದ್ದ. ಅದಕ್ಕೇ ಆ ಹೆಸರು.

“ಹೇಳ್ಲಿಲ್ವಾ ನಾನು!” ಎಂದ ತಮ್ಮ, ತೊಡೆ ತಟ್ಟಿಕೊಂಡು. “ಅವನದೇ ಕೆಲಸ ಅಣ್ಣಾ. ಮಾತಾಡದೇ ಇರೋರನ್ನ ನಂಬಬಾರ್ದು. ಸಾಲುಮನೆಯವರನ್ನೆಲ್ಲ ಅವನೇ ಕಿವಿ ಊದಿ ತಿರುಗಿಸಿರ್ತಾನೆ. ಇವತ್ತೇ ಕಳಿಸಿಬಿಡು.”

ಡ್ರೈವರನನ್ನು ಕರೆಸಿದರು. ಬಂದವನು ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತ.

“ಆ ಏಜೆಂಟನ ಹತ್ರ ನಿಂಗೇನು ಮಾತು?”

“ಸ್ವಂತ ಕೆಲಸ ಇತ್ತು ಸಾಹೇಬ್ರೇ.”

“ಏನು ಸ್ವಂತ ಕೆಲಸ?”

ಡ್ರೈವರು ಒಮ್ಮೆ ಗುಮಾಸ್ತರ ಕಡೆ ನೋಡಿದ. ಅದೇನು ನೋಟವೋ ಗುಮಾಸ್ತರಿಗೆ ಆಗ ಅರ್ಥವಾಗಲಿಲ್ಲ. “ಬೇಡ ಬಿಡಿ. ನಾನು ನಿಮಗೇ ಹಾಕಿದೀನಿ. ಇಷ್ಟೇ ನಾನು ಹೇಳೋದು.”

“ಎಲ್ಲರೂ ಹಾಗೇ ಹೇಳ್ತಾರೆ” ಎಂದ ತಮ್ಮ.

ಎರಡು ದಿನದಲ್ಲಿ ಮನೆ ಖಾಲಿ ಮಾಡಲು ಹೇಳಿದರು. ಡ್ರೈವರು ಕಾರಿನ ಕೀಲಿಯನ್ನು ಮೇಜಿನ ಅಂಚಿಗಿಟ್ಟು, ಅದು ಬಿದ್ದೀತೆಂದು ಒಂದು ಗೇಣು ಒಳಗೆ ಸರಿಸಿ ಹೋದ. ಮೂರನೆಯ ದಿನ ಬೆಳಿಗ್ಗೆ ತಳ್ಳುಗಾಡಿಯ ಮೇಲೆ ಮಂಚ, ಪಾತ್ರೆಯ ಮೂಟೆ, ಅದರ ಪಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದ ಅವನ ಮುದಿ ತಾಯಿ. ಬೀದಿಯವರೆಲ್ಲ ಕಿಟಕಿಗಳಿಂದ ನೋಡಿದರು. ಯಾರೂ ಹೊರಗೆ ಬರಲಿಲ್ಲ. ಬಂದರೆ ತಮ್ಮ ಹೆಸರೂ ಅದರಲ್ಲಿ ಸೇರೀತೆಂಬ ಅಂಜಿಕೆ.

ಗುಮಾಸ್ತರಿಗೆ ಊಟ ರುಚಿಸಲಿಲ್ಲ. ತಾವು ಕಂಡದ್ದನ್ನೇ ಹೇಳಿದ್ದು, ಸುಳ್ಳೇನೂ ಹೇಳಲಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಲೆಕ್ಕ ಅವರನ್ನು ಬಿಡಲಿಲ್ಲ. ವಾರ ಕಳೆದ ಮೇಲೆ ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತರು.

“ಸಾರ್, ಹಾರನ್ ಮನೇಲಿ ಇರೋದೇ ಮೂರು ಓಟು. ಮೂರೂ ಹೋಗಿದೆ ಅಂತಲೇ ಇಟ್ಕೊಳ್ಳಿ. ಇನ್ನೂ ಒಂಬತ್ತು ಉಳೀತು. ಆ ಒಂಬತ್ತು ಇಲ್ಲೇ ಇದಾವೆ.”

ಸಾಹೇಬರು ಪಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಅವರ ಕೆನ್ನೆ ಒಳಗೆ ಸೇದಿಕೊಂಡಿತ್ತು. ಸೋತ ದಿನವೂ ಅವರು ಇಷ್ಟು ಬಡಕಲಾಗಿ ಕಂಡಿರಲಿಲ್ಲ.

ಮಾತು ಅಡಿಗೆಮನೆಯವರೆಗೂ ಕೇಳಿಸಿತೋ ಏನೋ, ಸಾಹೇಬರ ಹೆಂಡತಿ ಅಲ್ಲಿಂದ ಹೊರಬಂದರು. ಮನೆಯ ಆಳುಕಾಳುಗಳೆಲ್ಲ ಅವರನ್ನು ಅಮ್ಮಾವರು ಎನ್ನುತ್ತಿದ್ದರು. ಆರೂ ಚುನಾವಣೆಗಳಲ್ಲಿ ಹೆಂಗಸರ ಸಭೆಗಳನ್ನೆಲ್ಲ ಒಬ್ಬರೇ ನಡೆಸಿದವರು. ಗಂಡನಿಗಿಂತ ಚೆನ್ನಾಗಿ ಮಾತಾಡುತ್ತಾರೆ ಎಂಬುದು ಎದುರಾಳಿಗಳೂ ಒಪ್ಪುತ್ತಿದ್ದ ಮಾತು.

“ದಿನಾ ಒಬ್ಬೊಬ್ಬರ ಮುಖ ನೋಡಿ ಯಾಕೆ ಸಾಯ್ತೀರಿ?” ಎಂದರು. “ಚೀಟಿ ಹಾಕಿಸಿ. ಹೆಸರು ಬೇಡ. ಹಾಕಿದ್ದೀನಿ ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಎಷ್ಟು ಜನ ಅಂತಾದ್ರೂ ಗೊತ್ತಾಗ್ಲಿ.”

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಸಾಹೇಬರನ್ನೂ ಡ್ರೈವರನ ಮನೆಯ ಮೂವರನ್ನೂ ಬಿಟ್ಟರೆ ಇಪ್ಪತ್ತೇಳು ಜನ. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಗುಮಾಸ್ತರು ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳನ್ನೂ ಒಂದೇ ಬಣ್ಣದ ಪೆನ್ನುಗಳನ್ನೂ ಹಂಚಿದರು. ಬಿಸ್ಕತ್ತಿನ ಖಾಲಿ ಡಬ್ಬಿಯೊಂದು ಪಕ್ಕದ ಕೋಣೆಯಲ್ಲಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಬರೆದು ಹಾಕಿ ಬರಬೇಕು. ಓದು ಬಾರದವರು ಹೌದು ಎಂದರೆ ಗೆರೆ, ಇಲ್ಲವೆಂದರೆ ಸೊನ್ನೆ.

ಎಲ್ಲ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಕೆಮ್ಮಲಿಲ್ಲ ಕೂಡ. ಗುಮಾಸ್ತರು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು. ಹೌದು. ಹೌದು. ಗೆರೆ. ಹೌದು. ಸಾಹೇಬರು ಗೋಡೆಯ ಕ್ಯಾಲೆಂಡರು ನೋಡುತ್ತ ಕೇಳಿಸಿಕೊಂಡರು. ಹತ್ತು ಆಯಿತು, ಹದಿನೈದು ಆಯಿತು. ಇಪ್ಪತ್ತರ ಹೊತ್ತಿಗೆ ಗುಮಾಸ್ತರ ದನಿ ತಗ್ಗುತ್ತ ಬಂತು. ಕೊನೆಯ ಚೀಟಿಯನ್ನು ಅವರು ಓದಲೇ ಇಲ್ಲ, ಮುಂದೆ ಹಿಡಿದು ತೋರಿಸಿದರು.

ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಹೌದು.

ಸಾಹೇಬರು ನಗಲು ಹೋದರು, ಆಗಲಿಲ್ಲ. “ಅಂದ್ರೆ… ಈ ಮನೇಲಿ ಹೆಸರಿಲ್ಲದ ಚೀಟೀಲೂ ನನಗೆ ಯಾರೂ ನಿಜ ಹೇಳಲ್ಲ.”

“ನಾನೂ ಹೌದು ಅಂತಲೇ ಬರೆದೆ” ಎಂದರು ಅಮ್ಮಾವರು. ಅವರು ಬಾಗಿಲ ಪಕ್ಕದ ಮಣೆಯ ಮೇಲೆ ಕೂತಿದ್ದರು, ಅಲ್ಲಿಂದ ಏಳಲಿಲ್ಲ. “ಸುಳ್ಳು ಬರೆದೆ. ನಾನು ನಿಮಗೆ ಹಾಕಿಲ್ಲ.”

ಹಿರಿಯ ಮಗ “ಅಮ್ಮಾ” ಎಂದ. ಸಾಹೇಬರು ಮಾತ್ರ ಅವರ ಕಡೆ ತಿರುಗಿ, ಕೇಳಿಸದವರ ಹಾಗೆ ಕೂತರು.

“ಚೀಟಿ ಹಾಕಿಸಿ ಅಂದೋಳು ನಾನೇ, ನಂಗೇ ಧೈರ್ಯ ಸಾಲ್ಲಿಲ್ಲ. ಇನ್ನು ಇಸ್ತ್ರಿಯವನು ಏನು ಬರೀತಾನೆ?”

“ಯಾಕೆ?” ಎಂದರು ಸಾಹೇಬರು. ಒಂದೇ ಮಾತು.

“ನೀವು ಪಕ್ಷ ಬಿಟ್ಟ ದಿನ ನಾನೆಲ್ಲಿದ್ದೆ ಗೊತ್ತಾ? ನಿಮಗೆ ಹೇಗೆ ಗೊತ್ತಿರುತ್ತೆ, ಮೂರು ದಿನ ಫೋನ್ ಆಫ್. ನಾನು ನೂಲಿನ ಮಿಲ್ಲಿನ ಹೆಂಗಸರ ಸಭೇಲಿದ್ದೆ. ಇನ್ನೂರು ಜನ. ಕಿಟಕಿ ಯಾಕೆ ಬೇಕು ಅಂತ ಇಪ್ಪತ್ತು ನಿಮಿಷ ಮಾತಾಡಿದೆ. ಬುಟ್ಟಿಯವರ ಜೊತೆ ನಮ್ಮ ಮನೆ ನೀರೂ ಮುಟ್ಟಲ್ಲ ಅಂದೆ. ಅಂತಿರುವಾಗ್ಲೇ ಮುಂದಿನ ಸಾಲಿನ ಒಬ್ಬಳು ಎದ್ದು ಬಂದು ಫೋನ್ ತೋರಿಸಿದ್ಲು. ನೀವು ಬುಟ್ಟಿಯವರ ಶಾಲು ಹೊದ್ದು ನಗ್ತಾ ಇದ್ರಿ. ಇನ್ನೂರು ಜನವೂ ನನ್ನ ಮುಖ ನೋಡಿದ್ರು. ನಾನು ಮೈಕು ಕೆಳಗಿಟ್ಟು ಇಳಿದು ಬಂದೆ. ಮೆಟ್ಟಿಲು ಇಳಿಯೋವಾಗ ಯಾರೂ ಕೈ ಕೊಡ್ಲಿಲ್ಲ.”

“ಆಮೇಲೂ ನೀನು ನನ್ನ ಜೊತೆ ಪ್ರಚಾರಕ್ಕೆ ಬಂದ್ಯಲ್ಲ. ಬುಟ್ಟಿಗೆ ಹಾಕಿ ಅಂತ ಮನೆಮನೆಗೆ ಹೇಳಿದ್ಯಲ್ಲ.”

“ಹೇಳ್ದೆ. ಹೆಂಡ್ತಿ ಅಂತ ಹೇಳ್ದೆ. ಓಟು ಹಾಕೋವಾಗ ಆ ಇನ್ನೂರು ಜನ ನೆನಪಾದ್ರು.”

“ನಂಗೊಂದು ಮಾತು ಹೇಳ್ಬಹುದಿತ್ತು.”

“ಎರಡು ಸಲ ಹೇಳೋಕೆ ಬಂದೆ. ಒಂದು ಸಲ ಕಾರಲ್ಲಿ, ಒಂದು ಸಲ ಇದೇ ಕುರ್ಚೀಲಿ. ಎರಡು ಸಲವೂ ಕೈ ಮಾಡಿ ಸುಮ್ಮನಿರು ಅಂದ್ರಿ. ಫೋನಲ್ಲಿದ್ರಿ.”

ಆಗ ಕಿಟಕಿಯ ಬಳಿ ಕೂತಿದ್ದ ಸಾಹೇಬರ ಅಕ್ಕ ಗಂಟಲು ಸರಿಮಾಡಿಕೊಂಡರು. ತಾಯಿಯಿಲ್ಲದ ತಮ್ಮಂದಿರಿಬ್ಬರನ್ನೂ ಸಾಕಿದವರು. ಎಪ್ಪತ್ತೆಂಟು ವರ್ಷ. “ನೋಡಪ್ಪಾ, ನಾನೂ ಹಾಕಿಲ್ಲ. ನನ್ನ ಬೈಬೇಡ. ಕಿಟಕಿ ಒತ್ತಕ್ಕಾ, ಕಿಟಕಿ ಒತ್ತಕ್ಕಾ ಅಂತ ಇಪ್ಪತ್ತು ವರ್ಷ ನೀನೇ ಹೇಳಿಕೊಟ್ಟೆ. ಈಗ ಒಂದೇ ದಿನಕ್ಕೆ ಬುಟ್ಟಿ ಅಂದ್ರೆ ಕೈ ಹೋಗ್ಬೇಡ್ವಾ? ಕಿಟಕಿ ಕಂಡ್ತು, ಒತ್ತಿಬಿಟ್ಟೆ. ಹೊರಗೆ ಬಂದ ಮೇಲೆ ಅಯ್ಯೋ ಅನ್ನಿಸ್ತು.”

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಸಾಹೇಬರು ಎದ್ದು ನಿಂತು, ಉಳಿದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಇನ್ನಾರಾದರೂ ಬಾಯಿ ಬಿಡಬಹುದೆಂದು ಕಾದಂತಿತ್ತು. ಯಾರೂ ಬಿಡಲಿಲ್ಲ. ತಮ್ಮ ಎಲ್ಲರಿಗಿಂತ ಮೊದಲು ಎದ್ದು, “ಅತ್ತಿಗೇನೇ ಹೀಗೆ ಮಾಡಿದ್ರೆ ಇನ್ನೇನು ಮಾತು!” ಎಂದು ತಲೆಯಾಡಿಸುತ್ತ ಹೊರಗೆ ನಡೆದ.

ಮರುದಿನ ಗುಮಾಸ್ತರು ಡ್ರೈವರನ ಹೊಸ ಮನೆ ಹುಡುಕಿಕೊಂಡು ಹೋದರು. ಸಂತೆಯ ಹಿಂದಿನ ಓಣಿಯಲ್ಲಿ ಮರಗೆಲಸದವನ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗಿನ ಗರಗಸದ ಸದ್ದಿಗೆ ನೆಲವೇ ಅದುರುತ್ತಿತ್ತು. ಡ್ರೈವರು ಶಾಲೆಯ ವ್ಯಾನು ಓಡಿಸುವ ಕೆಲಸ ಹಿಡಿದಿದ್ದ. ಆಗಷ್ಟೇ ಬಂದು ಕೈ ತೊಳೆಯುತ್ತಿದ್ದ. ತಾಯಿ ಮೂಲೆಯಲ್ಲಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ್ದಳು.

“ಏನಾಯ್ತು ಅಮ್ಮನಿಗೆ?”

“ಪೊರೆ ತೆಗೆಸಿದ್ವಿ. ನಾಕು ದಿನ ಆಯ್ತು.”

“ಒಂದು ಮಾತು ಕೇಳ್ತೀನಿ. ಆ ಏಜೆಂಟನ ಹತ್ರ ಅವತ್ತು ಏನು ಕೆಲಸ ಇತ್ತು?”

ಡ್ರೈವರು ಕೈ ಒರೆಸಿಕೊಂಡ. “ಅವನ ಹೆಂಡ್ತಿ ಸರ್ಕಾರಿ ಆಸ್ಪತ್ರೇಲಿ ನರ್ಸು. ಅಮ್ಮನ ಕಣ್ಣಿಗೆ ಬೇಗ ದಿನ ಕೊಡಿಸು ಅಂತ ಕೇಳ್ತಿದ್ದೆ. ಅವನು ಕೊಡಿಸಿದ.”

“ಸಾಹೇಬ್ರನ್ನೇ ಕೇಳಬಹುದಿತ್ತಲ್ಲಪ್ಪಾ. ಒಂದು ಫೋನಿನ ಕೆಲಸ.”

“ಕೇಳಿದ್ದೆ. ಎರಡು ಸಲ. ಅರ್ಜಿ ಬರೆದು ನಿಮ್ಮ ಕೈಗೇ ಕೊಟ್ಟೆ. ಬೇಸಗೇಲಿ ಒಂದು, ಆಮೇಲೆ ಒಂದು. ನೋಡೋಣ ಅಂತ ನೀವೇ ಅಂದ್ರಿ.”

ಗುಮಾಸ್ತರಿಗೆ ನೆನಪಾಯಿತು. ಎರಡೂ ಅರ್ಜಿ ಕಚೇರಿಯ ತಂತಿ ಬುಟ್ಟಿಯಲ್ಲಿ, ರಸ್ತೆ, ವರ್ಗಾವಣೆ, ಕೊಳವೆಬಾವಿಗಳ ನಡುವೆ ಇನ್ನೂ ಇದ್ದವು. ಮನೆಯವನದ್ದೇ ತಾನೆ, ಆಮೇಲೆ ನೋಡಿದರಾಯಿತು ಎಂದು ಕೆಳಕ್ಕೆ ಸರಿಸಿದವರು ಅವರೇ. “ಅವತ್ತು ಸಾಹೇಬ್ರ ಮುಂದೆ ಇದನ್ನ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರ್ತಿತ್ತು. ನಂದು ಹೇಗೂ ಹೋಗಿತ್ತು.”

ಗುಮಾಸ್ತರು ಎದ್ದು ಬಾಗಿಲವರೆಗೆ ಹೋದರು. ಕೊನೆಗೆ ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದರು: “ಸಾಹೇಬ್ರಿಗೆ ನಿಜವಾಗ್ಲೂ ಹಾಕಿದ್ಯಾ?”

“ನೀವೂ ಬಿಡಲ್ಲ ನೋಡಿ” ಎಂದ ಡ್ರೈವರು. ನಕ್ಕನೋ ನೊಂದನೋ ತಿಳಿಯಲಿಲ್ಲ. “ಮೂರೂ ಓಟು ಅವರಿಗೇ. ಅಮ್ಮನಿಗೆ ಕಣ್ಣು ಕಾಣ್ತಿರ್ಲಿಲ್ಲ, ಜೊತೆಗೆ ಹೋಗಿ ನಾನೇ ಒತ್ತಿಸಿದ್ದು.”

ಅವತ್ತೇ ಸಾಯಂಕಾಲ ಗುಮಾಸ್ತರು ಎರಡು ಹಳೆಯ ಅರ್ಜಿಗಳನ್ನೂ ಸಾಹೇಬರ ಮುಂದಿಟ್ಟು, ನಡೆದದ್ದೆಲ್ಲ ಹೇಳಿ, ತಪ್ಪು ತಮ್ಮದೆಂದರು. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದರು. ಸಾಹೇಬರು ಬೈಯಲಿಲ್ಲ. ಅರ್ಜಿಗಳನ್ನು ಓದಿ, “ಅವನು ನಿಜ ಹೇಳ್ತಿದಾನೆ ಅಂತ ಏನು ಗ್ಯಾರಂಟಿ?” ಎಂದರು. ಅಷ್ಟರಮಟ್ಟಿಗೆ ಅವರಲ್ಲಿ ಅನುಮಾನ ಬೇರು ಬಿಟ್ಟಿತ್ತು.

ಇದಾಗಿ ಎರಡು ತಿಂಗಳಿಗೆ ನಗರಸಭೆಯ ಚುನಾವಣೆ ಬಂತು. ಕಿಟಕಿ ಪಕ್ಷದ ಅಭ್ಯರ್ಥಿಗಳ ಪಟ್ಟಿ ಬೆಳಗಿನ ಪತ್ರಿಕೆಯಲ್ಲಿ ಬಂದಾಗ ಸಾಹೇಬರು ಕಚೇರಿಯಲ್ಲಿ ಗುಮಾಸ್ತರ ಎದುರಿಗೇ ಓದುತ್ತಿದ್ದರು. ಹದಿನಾರನೆಯ ವಾರ್ಡಿನ ಮುಂದೆ ಅವರ ತಮ್ಮನ ಹೆಸರಿತ್ತು. ಅವರು ಪತ್ರಿಕೆ ಮಡಚಿ, ತಾವೇ ಎದ್ದು ಪಕ್ಕದ ಮನೆಗೆ ಹೋಗಿ ತಮ್ಮನನ್ನು ಕರೆತಂದರು.

“ಯಾವಾಗಿನಿಂದ ಇದು?”

ತಮ್ಮ ಮೊದಲು ನೆಲ ನೋಡಿದ. ಆಮೇಲೆ ಇನ್ನು ಮುಚ್ಚಿಡುವುದೇನೆಂದು ತಲೆ ಎತ್ತಿದ. “ವಿಧಾನಸಭೆ ಚುನಾವಣೆ ಮುಂಚೇನೇ ಮಾತಾಗಿತ್ತು. ನಿನ್ನ ಹಿಂದೇನೇ ಇದ್ರೆ ನಂಗೆ ಯಾವತ್ತಿಗೆ ಸಿಗೋದು ಅಣ್ಣಾ? ಐವತ್ತೆರಡು ವರ್ಷ ನಂಗೆ.”

“ನಿಮ್ಮ ಮನೆ ನಾಲ್ಕು ಓಟು?”

“ಕಿಟಕಿಗೇ.”

“ಮತ್ತೆ ಅವತ್ತು ಹಾರನ್ ಹೆಸರು ಬಂದಾಗ ತೊಡೆ ತಟ್ಟಿದ್ಯಲ್ಲೋ.”

ಸಾಹೇಬರು ಕೈ ಎತ್ತಬಹುದೆಂದು ಗುಮಾಸ್ತರು ಹೆದರಿ ಒಂದು ಹೆಜ್ಜೆ ಮುಂದೆ ಬಂದಿದ್ದರು. ಹಾಗೇನೂ ಆಗಲಿಲ್ಲ. “ಹೋಗು” ಎಂದರು ಸಾಹೇಬರು, “ಪ್ರಚಾರಕ್ಕೆ ಹೊತ್ತಾಗುತ್ತೆ.”

ಹೆಂಡತಿ, ಅಕ್ಕ, ತಮ್ಮನ ಮನೆಯ ನಾಲ್ವರು. ಆರು ಸಿಕ್ಕಿತು. ಉಳಿದ ಆರು ಯಾರದ್ದೆಂದು ಯಾವತ್ತಿಗೂ ತಿಳಿಯಲಿಲ್ಲ. ಗುಮಾಸ್ತರ ಹೆಂಡತಿಯೂ ಕೊನೆಯವರೆಗೆ ಬಾಯಿ ಬಿಡಲಿಲ್ಲ.

ತಮ್ಮನ ಮಾತು ಕೇಳಿದ ಮಾರನೆಯ ಬೆಳಿಗ್ಗೆ ಎಂಟಕ್ಕೆ ಸಾಹೇಬರು ಬಿಳಿ ಅಂಗಿ ತೊಟ್ಟು ಗೇಟಿಗೆ ಬಂದರು. ಗುಮಾಸ್ತರು ಹೊಸ ಡ್ರೈವರನನ್ನು ಕೂಗಲು ಹೋದರೆ ಬೇಡವೆಂದರು. “ಹಾರನ್ ಮನೆ ತೋರಿಸಿ. ನಡೆದೇ ಹೋಗೋಣ.”

ಮರಗೆಲಸದವನ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲನ್ನು ಅವರು ಗೋಡೆ ಹಿಡಿದು ಹತ್ತಿದರು. ಡ್ರೈವರು ವ್ಯಾನಿಗೆ ಹೊರಡಲು ಸಿದ್ಧನಾಗಿದ್ದ. ಸಾಹೇಬರು ಬಾಗಿಲಲ್ಲೇ ನಿಂತರು.

“ಅಮ್ಮನ ಕಣ್ಣು ಹೇಗಿದೆ?” ಎಂದರು.

“ಕಾಣ್ತಿದೆ ಸಾಹೇಬ್ರೇ.”

“ನನ್ನಿಂದ ತಪ್ಪಾಯ್ತಪ್ಪಾ. ಬಾ ವಾಪಸ್ಸು. ಮನೆ ಹಾಗೇ ಖಾಲಿ ಇದೆ.”

ಡ್ರೈವರು ಅವರನ್ನು ಒಳಗೆ ಕರೆದು, ಇದ್ದ ಒಂದೇ ಸ್ಟೂಲು ಒರೆಸಿ ಕೊಟ್ಟ. ನೀರು ಕೊಟ್ಟ. ಆಮೇಲೆ ಹೇಳಿದ: “ಬರಲ್ಲ ಸಾಹೇಬ್ರೇ. ಕೋಪ ಅಂತ ಅಲ್ಲ. ಕಾರ್ ಓಡಿಸೋವಾಗ ಹಿಂದಿನ ಸೀಟಿಂದ ನೀವು ನನ್ನ ಕುತ್ತಿಗೆ ನೋಡ್ತಾ ಕೂತಿರ್ತೀರಿ. ಇವನು ಆ ಹನ್ನೆರಡರಲ್ಲಿ ಒಬ್ಬನಾ ಅಂತ. ನಂಗೆ ಗಾಡಿ ಓಡಿಸೋಕೆ ಆಗಲ್ಲ.”

ಸಾಹೇಬರು ಇಲ್ಲ ಎನ್ನಲು ಬಾಯಿ ತೆರೆದರು. ಅನ್ನಲಿಲ್ಲ. ಮೂಲೆಯಿಂದ ಮುದುಕಿ ಕಣ್ಣು ಕಿರಿದು ಮಾಡಿ ಅವರನ್ನೇ ನೋಡುತ್ತಿದ್ದಳು. “ಇವರೇನಾ ಸಾಹೇಬ್ರು?” ಎಂದು ಮಗನನ್ನು ಕೇಳಿದಳು. “ದನಿ ಕೇಳಿ ಇನ್ನೂ ಎತ್ತರ ಇದಾರೆ ಅಂದ್ಕೊಂಡಿದ್ದೆ.” ಸಾಹೇಬರು ಎದ್ದು ಅವಳಿಗೆ ಕೈ ಮುಗಿದು ಕೆಳಗಿಳಿದರು.

ವಾಪಸ್ಸು ಬರುವಾಗ ಸಂತೆಯ ನಡುವೆಯೇ ಹಾಯ್ದು ಬರಬೇಕಿತ್ತು. ಇಪ್ಪತ್ತು ವರ್ಷಗಳಿಂದ ಅವರು ಅಲ್ಲಿ ಕಾಲಿಟ್ಟಿದ್ದು ಚುನಾವಣೆ ಹತ್ತಿರ ಬಂದಾಗ ಮಾತ್ರ, ಅದೂ ಹಿಂದೆ ಮುಂದೆ ಐವತ್ತು ಜನರೊಡನೆ. ಈಗ ಎರಡು ಹೆಜ್ಜೆ ಹಿಂದೆ ಗುಮಾಸ್ತರೊಬ್ಬರೇ. ಚಪ್ಪಲಿ ಹೊಲಿಯುವವನು ದಾರ ಹಲ್ಲಲ್ಲಿ ಕಚ್ಚಿಕೊಂಡೇ ತಲೆ ಎತ್ತಿ ನೋಡಿದ. ಮೊಟ್ಟೆ ಅಂಗಡಿಯವನು ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಸೊಪ್ಪಿನ ಮುದುಕಿ ಮಾತ್ರ ನೇರವಾಗಿ ಕೇಳಿಯೇಬಿಟ್ಟಳು.

“ಏನ್ ಸಾಹೇಬ್ರೇ, ನಡ್ಕೊಂಡು ಬಂದ್ಬಿಟ್ರಿ? ಮತ್ತೆ ನಿಲ್ತೀರಾ?”

“ಇಲ್ಲಮ್ಮಾ. ಇನ್ನು ನಿಲ್ಲಲ್ಲ.”

“ಹ್ಞೂಂ, ಹ್ಞೂಂ” ಎಂದಳು ಅವಳು, ಸೊಪ್ಪಿಗೆ ನೀರು ಚಿಮುಕಿಸುತ್ತ. “ಈ ಸಲ ಯಾವ ಗುರುತು?”